ಇಸ್ತ್ರಿ ಅಕ್ಕನ ಪಥ್ಯ

ಹೋಟೆಲಿನ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮೇಲಿನ ಮಹಡಿಗಳಲ್ಲಿ ಅತಿಥಿಗಳಿಗೆ ಹಣ್ಣು ಹೆಚ್ಚಿ ಜೋಡಿಸಿಡುತ್ತಿದ್ದರು. ಕೆಳಗೆ ಇವಳಿಗೆ ಹಬೆ, ಸೋಪಿನ ವಾಸನೆ, ಗೋಡೆಗೊರಗಿ ನಿಂತೇ ತಿನ್ನುವ ಬಿಸ್ಕತ್ತು. ಊಟಕ್ಕೆ ಇಪ್ಪತ್ತು ನಿಮಿಷ. ಡಬ್ಬಿ ಬಿಸಿಮಾಡುವ ಸಾಲಿನಲ್ಲೇ ಅದು ಮುಗಿಯುತ್ತಿತ್ತು.

ಒಂದು ದಿನ ಕೆಲಸದ ನಡುವೆ ತಲೆ ಸುತ್ತಿ ಕುಸಿದಳು. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಅಂದರು, ಪಥ್ಯ ಹೇಳುವ ಮೇಡಂ ಹತ್ತಿರ ಕಳಿಸಿದರು.

"ಪ್ಯಾಕೆಟ್ ತಿಂಡಿ ಮುಟ್ಟಲೇಬೇಡಿ ಅಮ್ಮ. ದಿನಾ ತಾಜಾ ತರಕಾರಿ ತಂದು, ಸಮಾಧಾನವಾಗಿ ಕೂತು ತಿನ್ನಿ. ಮನಸ್ಸು ಮಾಡಿದ್ರೆ ಏನು ಕಷ್ಟ?" ಎಂದಳು ಮೇಡಂ.

"ನಾನು ಮನೆ ಬಿಡೋವಾಗ ತರಕಾರಿ ಅಂಗಡಿ ಬಾಗಿಲು ತೆಗೆದಿರಲ್ಲ ಮೇಡಂ. ವಾಪಸ್ ಬರೋವಾಗ ಬಾಡಿದ ದಂಟು ಉಳಿದಿರುತ್ತೆ. ಇನ್ನು ಸಮಾಧಾನ ಯಾವ ಅಂಗಡೀಲಿ ಸಿಗುತ್ತೆ, ಅದನ್ನೂ ಬರ್ಕೊಡಿ."

ಮೇಡಂ ಮುಖ ಹುಳ್ಳಗೆ ಮಾಡಿಕೊಂಡು ಮುಂದಿನವರನ್ನು ಕರೆದಳು.

ಮನೆಗೆ ಬಂದರೆ, ಕಾವಲು ಕೆಲಸದಿಂದ ನಿವೃತ್ತನಾಗಿದ್ದ ಗಂಡ ಟೀವಿ ಮುಂದೆ ಕಾಲು ಚಾಚಿ, ಚಿಪ್ಸ್ ಪೊಟ್ಟಣಕ್ಕೆ ಕೈ ಹಾಕಿ ಕೂತಿದ್ದ. ತರಕಾರಿ ಅಂಗಡಿ ಕೂಗಳತೆಯಲ್ಲಿತ್ತು. ಈ ಪುಣ್ಯಾತ್ಮ ಎರಡು ವರ್ಷದಿಂದ ಅದರ ಮುಂದೆಯೇ ಹಾದು ಹೋಗಿ ಚಿಪ್ಸ್ ತರುತ್ತಿದ್ದ.

"ಏನಂದ್ರೇ ಡಾಕ್ಟ್ರು? ನೂಡಲ್ಸ್ ಆದ್ರೂ ಬೇಯಿಸು, ಹಸಿವು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಚಾಕು, ಮಣೆ ತಂದು ಅವನ ಮುಂದೆ ಕುಕ್ಕಿದಳು. "ನಾಳೆಯಿಂದ ಅಡುಗೆ ನಿಮ್ಮದು."

"ನಂಗೆ ಬೀನ್ಸ್ ಹೆಚ್ಚೋಕೆ ಬರಲ್ವೇ!"

"ಮೂವತ್ತು ವರ್ಷ ಕಳ್ಳರನ್ನ ಹಿಡೀತೀನಿ ಅಂತ ಕೂತಿದ್ರಿ. ಬೀನ್ಸ್ ಓಡಿಹೋಗಲ್ಲ ರೀ, ಹಿಡ್ಕೊಳ್ಳಿ."

ಮೊದಲ ವಾರ ಕಲ್ಲಿನಂಥ ಕಾಳು, ಸೀದ ಸೊಪ್ಪು. ಗೊಣಗದೆ ತಿಂದಳು. ತಾನೆದ್ದು ಮಾಡಿಕೊಂಡರೆ ಅವನು ಮತ್ತೆ ಟೀವಿಗೆ ಅಂಟುತ್ತಾನೆಂದು ಗೊತ್ತಿತ್ತು. ಕೆಲಸದಲ್ಲಿ ಡಬ್ಬಿ ಬಿಸಿಮಾಡುವ ಸಾಲಿನಲ್ಲಿ ನಿಲ್ಲದೆ, ಒಗೆಯಲು ಬಂದ ಬಟ್ಟೆಗಂಟಿನ ಮೇಲೆ ಕೂತು ತಣ್ಣಗಿನದನ್ನೇ ಉಂಡಳು. ಅದನ್ನು ನೋಡಿ ಜೊತೆಗೆ ಕೆಲಸ ಮಾಡುವ ಇಬ್ಬರು ತಮ್ಮ ಡಬ್ಬಿ ತಂದು ಪಕ್ಕದಲ್ಲಿ ಕೂತರು.

ಮೂರು ತಿಂಗಳಲ್ಲಿ ಸಕ್ಕರೆ ಸ್ವಲ್ಪ ಇಳಿಯಿತು. ಗಂಡನ ಗತ್ತು ಮಾತ್ರ ಏರಿತು. ತರಕಾರಿಯನ್ನು ತಾನೇ ಭೂಮಿಗೆ ತಂದವನಂತೆ ಬೀದಿ ತುದಿಯಲ್ಲಿ ನಿಂತು ನೆರೆಯ ಗಂಡಸರಿಗೆ ಉಪದೇಶ ಮಾಡತೊಡಗಿದ. ಒಂದು ಸಂಜೆ ಅವಳಿಗೆ ಬಡಿಸಿ, ಹೊಗಳಿಕೆಗೆ ಕಾಯುತ್ತಾ ಪಕ್ಕದಲ್ಲೇ ನಿಂತ.

"ಹೇಗಿದೆ?"

"ಉಪ್ಪು ಕಮ್ಮಿ" ಎಂದವಳು ಇನ್ನೊಂದು ಸಲ ಬಡಿಸಿಕೊಂಡಳು.