ಮೊಳೆತ ರಾಗಿಯ ವರ್ಷ

ನಾನು ಮಧುಗಿರಿ ಪೇಟೆಯವಳು. ಮದುವೆಯಾಗಿ ಬಂದದ್ದು ಶಿರಾ ತಾಲ್ಲೂಕಿನ ಒಂದು ಹಳ್ಳಿಗೆ. ಬರಗೂರಿನ ಬಸ್ಸು ಹುಣಸೆಮರದ ಹತ್ತಿರ ಇಳಿಸಿ ಹೋದರೆ ಉಳಿದ ದಾರಿಯನ್ನು ಬದುವಿನ ಮೇಲೆ ನಡೆಯಬೇಕಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಊರಲ್ಲಿ ಕ್ರೈಸ್ತರ ಮನೆಗಳು ಕೆಲವೇ. ನಮಗೆಲ್ಲ ಸೇರಿ ಹೆಂಚಿನ ಒಂದು ಸಣ್ಣ ಪ್ರಾರ್ಥನೆಯ ಮನೆ. ಅದರ ನೆಲ ಸಾರಿಸುವುದು, ದೀಪದ ಬುರುಡೆ ಒರೆಸುವುದು ನನ್ನ ಅತ್ತೆಯ ಪಾಲಿನ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ತಾವೇ ಹಿಡಿದದ್ದು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನನ್ನ ಯಜಮಾನರು, ನಾನು, ಇಷ್ಟೇ ಜನ.

ಶನಿವಾರ ನಮ್ಮ ಮನೆಯಲ್ಲಿ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಹಂಡೆ, ಕೊಡ, ಬಾನಿ ಎಲ್ಲಕ್ಕೂ ನೀರು ತುಂಬಬೇಕು. ಸೌದೆ ಒಡೆದಿಡಬೇಕು. ರಾಗಿ ಬೀಸಬೇಕು, ಸಾರಿಗೆ ಕಾರ ಅರೆದಿಡಬೇಕು. ದನಗಳಿಗೆ ಮಾರನೆಯ ದಿನದ ಹುಲ್ಲನ್ನೂ ಹಿರಿದು ತಂದು ಕೊಟ್ಟಿಗೆಯ ಬಾಗಿಲಲ್ಲಿ ಒಟ್ಟಬೇಕು. ಭಾನುವಾರ ದೇವರ ದಿನ; ಅವತ್ತು ಒಲೆ ಹಚ್ಚಿ ಮುದ್ದೆ ಮಾಡುವುದೊಂದೇ ಅತ್ತೆ ಒಪ್ಪಿದ್ದ ಕೆಲಸ. "ಬಿಸಿ ಮುದ್ದೆಗೆ ದೇವ್ರು ಬೇಜಾರು ಮಾಡ್ಕಳಲ್ಲ ಕಣಮ್ಮ" ಎಂದು ನಗುತ್ತಿದ್ದರು. ಉಳಿದದ್ದಕ್ಕೆಲ್ಲ ಖಂಡಿತ ಬೇಜಾರು ಮಾಡಿಕೊಳ್ಳುತ್ತಾನೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಊರಿನವರು ಅವರನ್ನು ನೀತಿವಂತೆ ಎನ್ನುತ್ತಿದ್ದರು. ಅದು ಹೊಗಳಿಕೆಯ ಮಾತೇ ಆಗಿತ್ತು.

ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆ ಬೂಬಮ್ಮನದು. ಸಾಬರ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಹಾಗೆ ಕರೆಯುವುದು. ಆಕೆಯ ಗಂಡ ಶಿರಾ ಸಂತೆಗೆ ಗಾಡಿ ಹೊಡೆಯುತ್ತಿದ್ದ. ಊರ ಪಕ್ಕ ಸ್ವಲ್ಪ ಹೊಲವೂ ಇತ್ತು. ಹಿತ್ತಲ ಆಚೆ ನಮ್ಮ ಕಣ, ಅದರ ಮಗ್ಗುಲಲ್ಲೇ ಅವರ ಕಣ. ಸುಗ್ಗಿಯಲ್ಲಿ ತೆನೆ ಒಕ್ಕುವ ರೋಣಗಲ್ಲು ಎಳೆಸುವ ಎತ್ತುಗಳನ್ನು ಎರಡೂ ಮನೆಗಳು ಒಂದಾದ ಮೇಲೊಂದು ಬಳಸುತ್ತಿದ್ದವು. ಅತ್ತೆಗೂ ಆಕೆಗೂ ಅಕ್ಕತಂಗಿಯರ ಸಲಿಗೆ.

ಆ ವರ್ಷ ನಮ್ಮ ಕಣದ ಕೆಲಸ ಮೊದಲು ಮುಗಿಯಿತು. ಶನಿವಾರ ಸಂಜೆ ರಾಶಿಯ ಮೇಲೆ ಹುಲ್ಲು ಹೊದಿಸಿ, ಸುತ್ತ ಕಲ್ಲು ಹೇರಿಯೇ ಅತ್ತೆ ಒಳಗೆ ಬಂದರು. ಬೂಬಮ್ಮನ ರಾಗಿ ಒಕ್ಕಿ ಬಿದ್ದಿತ್ತು, ಇನ್ನೂ ತೂರಿರಲಿಲ್ಲ. ಭಾನುವಾರ ಆರಾಧನೆ ಮುಗಿಸಿ, ಉಂಡು, ಜಗಲಿಯ ಮೇಲೆ ಕೂತು ಕೀರ್ತನೆ ಹೇಳಿಕೊಳ್ಳುತ್ತಿದ್ದೆವು. ಮೂಡಲಲ್ಲಿ ಮೋಡ ಕಪ್ಪಗೆ ಕಟ್ಟಿತು. ಸುಗ್ಗಿಯಲ್ಲಿ ಬರಬಾರದ ಮಳೆ. ಬೂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದಳು.

"ಅಕ್ಕಾ, ಜಲ್ದಿ! ನಮ್ಮೋರು ಶಿರಾಕ್ಕೆ ಹೋದೋರು ಬಂದಿಲ್ಲ. ನಿನ್ ಮಗನ್ನ ಕಳ್ಸು, ಮೂಟೆಗೆ ತುಂಬಾನ!"

ಯಜಮಾನರು ಎದ್ದೇಬಿಟ್ಟರು. ಅತ್ತೆ ತಲೆ ಎತ್ತಲಿಲ್ಲ.

"ಕುತ್ಕಳ್ಳೋ."

"ಅವ್ವಾ, ಮಳೆ..."

"ಇವತ್ತು ಯಾವ್ ದಿನ? ಕುತ್ಕ." ಆಮೇಲೆ ಬೂಬಮ್ಮನ ಕಡೆ ತಿರುಗಿ, "ಇವತ್ತು ನಾವು ಕೆಲ್ಸಕ್ಕೆ ಕೈ ಹಾಕಂಗಿಲ್ಲ ಕಣೇ ತಂಗಿ. ನಿನ್ಗೋಸ್ಕರ ಪ್ರಾರ್ಥನೆ ಮಾಡ್ತೀವಿ, ಹೋಗು" ಎಂದರು.

ಬೂಬಮ್ಮ ಒಂದು ಗಳಿಗೆ ನಿಂತು ನೋಡಿದಳು. ನಿಂತು ಮಾತಾಡುವ ಹೊತ್ತು ಅದಾಗಿರಲಿಲ್ಲ. ಓಡಿದಳು. ಅತ್ತೆ ಕಣ್ಣು ಮುಚ್ಚಿ ನಿಜಕ್ಕೂ ಪ್ರಾರ್ಥನೆ ಮಾಡಿದರು. ಬೂಬಮ್ಮನ ರಾಶಿಯನ್ನು ಕಾಪಾಡು ಎಂದು ಬಾಯಿಬಿಟ್ಟು ಕೇಳಿಕೊಂಡರು. ಆಮೆನ್ ಹೇಳುವ ಹೊತ್ತಿಗೆ ಹೆಂಚಿನ ಮೇಲೆ ಹನಿಗಳ ಸದ್ದು.

ಅಂದು ಹಿಡಿದ ಮಳೆ ಮಾರನೆಯ ದಿನವೂ ಬಿಡಲಿಲ್ಲ. ಬಿಟ್ಟ ಮೇಲೂ ಬಿಸಿಲು ಬೀಳಲಿಲ್ಲ. ಬೂಬಮ್ಮ ನೆನೆದ ರಾಗಿಯನ್ನು ಮನೆಯೊಳಗೆ, ಜಗಲಿಯಲ್ಲಿ, ಗಾಡಿಯ ಕೆಳಗೆ ಕೂಡ ಹರಡಿದಳು. ಬಿಸಿಲು ಕಾಣುವಷ್ಟರಲ್ಲಿ ಕಾಳುಕಾಳಿಗೂ ಬಿಳಿ ಮೊಳಕೆ ಒಡೆದಿತ್ತು. ಅತ್ತೆ ಕಸ ಹಾಕಲು ಹಿತ್ತಲಿಗೆ ಹೋದವರು ಅದನ್ನು ನೋಡುತ್ತ ಮೊರ ಹಿಡಿದೇ ನಿಂತರು. ಬೂಬಮ್ಮ ಕೂಗಾಡಲಿಲ್ಲ. ರಾಗಿಯಲ್ಲಿ ಕೈಯಾಡಿಸುತ್ತ ಹೇಳಿದಳು:

"ನಿಮ್ ಹಸ ಕರ ಹಾಕಕ್ಕಾಗ್ದೆ ಒದ್ದಾಡ್ತಿದ್ದಾಗ ನಮ್ಮೋರು ಶುಕ್ರವಾರದ ಜುಮ್ಮಾ ನಮಾಜ್ ಬುಟ್ಟು ಬಂದಿದ್ರು, ಗ್ಯಾಪ್ನ ಐತಾ ಅಕ್ಕ? ಅಲ್ಲಾ ಅವರ್ಗೇನೂ ಅನ್ಲಿಲ್ಲ. ಕರನೂ ಬದುಕ್ತು."

ಅತ್ತೆ ಕಸ ಚೆಲ್ಲದೆಯೇ ಮೊರ ಹಿಡಿದು ಒಳಗೆ ಬಂದರು. ಆ ಕರು ಆಗ ನಮ್ಮ ಕೊಟ್ಟಿಗೆಯಲ್ಲೇ ಇತ್ತು, ಕೊಂಬು ಮೂಡಿದ ಪಡ್ಡೆ.

ಶಿರಾದಿಂದ ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರು ಆಗಾಗ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಅವರು ಬಂದ ಭಾನುವಾರ ಮಾತ್ರ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸಕ್ಕೆ ಮುಂದೆ ಹೋಗಿ ಮೊಣಕಾಲೂರುವವರಲ್ಲಿ ಅತ್ತೆಯೇ ಯಾವಾಗಲೂ ಮೊದಲು. ನೆರೆಯವರೊಡನೆ ಮನಸ್ಸು ಮುರಿದಿರುವವರು ಹಿಂದೆ ಉಳಿಯುವುದು ನಮ್ಮ ಸಭೆಯ ರೂಢಿ. ಯಾಕೆ ಉಳಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಆದರೆ ಎಲ್ಲರ ಕಣ್ಣೂ ಅಲ್ಲಿಗೆ ಹೋಗುತ್ತದೆ. ಆ ಸಲ ಅತ್ತೆ ಹಿಂದಿನ ಗೋಡೆಗೆ ಒರಗಿ ಕೂತೇ ಇದ್ದರು. ನಾನು ಅವರನ್ನು ದಾಟಿ ಮುಂದೆ ಹೋಗಬೇಕಾಯಿತು.

ಅಯ್ಯನವರು ಮನೆಗೆ ಬಂದರು. ಮಜ್ಜಿಗೆ ಕೊಟ್ಟೆ. "ನೀವು ಯಾವ ಆಜ್ಞೆ ಮೀರಿದಿರಿ ಅಮ್ಮ?" ಎಂದು ಮೆಲ್ಲಗೆ ಕೇಳಿದರು.

"ಯಾವ್ದೂ ಮೀರ್ಲಿಲ್ಲ ಅಯ್ನೋರೆ. ಅದೇ ನನ್ ಕಷ್ಟ. ಕದ್ದಿದ್ರೆ ವಾಪಸ್ ಕೊಟ್ಬುಡ್ತಿದ್ದೆ. ಸುಳ್ಳೇಳಿದ್ರೆ ಒಪ್ಕಂಬುಡ್ತಿದ್ದೆ. ದೇವ್ರ ಮಾತು ಕೇಳ್ಬೇಕು ಅಂತ ಕೂತಿದ್ದು ತಪ್ಪು ಅಂತ ಯಾರತ್ರ ಹೇಳ್ಲಿ? ದಿನಾ ಅತ್ತು ಪ್ರಾರ್ಥನೆ ಮಾಡ್ತಾ ಇವ್ನಿ. ಎದೆ ಹಗುರ ಆಗ್ತಿಲ್ಲ."

ಅಯ್ಯನವರು ಲೋಟ ಕೆಳಗಿಟ್ಟರು.

"ಅತ್ತದ್ದು ಒಳ್ಳೆಯದೇ. ಆದರೆ ಪಶ್ಚಾತ್ತಾಪ ಅಂದರೆ ತಿರುಗಿಕೊಳ್ಳೋದು. ತಿರುಗಿದ ಮೇಲೆ ಆ ಕಡೆ ನಡೀಬೇಕು. ನೀವಿನ್ನೂ ನನ್ನ ಕಡೆಗೇ ಮುಖ ಮಾಡಿ ಕೂತಿದ್ದೀರಿ. ಕಣ ಹಿತ್ತಲ ಆಚೆಗಿದೆ, ತಾಯಿ."

ಅವರ ಸೈಕಲ್ ಕಣ್ಮರೆಯಾಗುವ ಮೊದಲೇ ಅತ್ತೆ ಹಿತ್ತಲು ದಾಟಿದರು. ನಾನೂ ಹಿಂದೆ ಹೋದೆ. ಬೂಬಮ್ಮ ಒಣಗಿದ ರಾಗಿಯನ್ನು ಉಜ್ಜಿ ಮೊಳಕೆ ಉದುರಿಸುತ್ತಿದ್ದಳು. ಅತ್ತೆ ಎದುರಿಗೆ ನೆಲದ ಮೇಲೆ ಕೂತರು.

"ತಪ್ಪಾಯ್ತು ಕಣೇ ತಂಗಿ. ಕ್ಷಮ್ಸು."

"ಕ್ಷಮ್ಸಿದ್ರೆ ಮುದ್ದೆ ಕಟ್ತೈತಾ?" ಬೂಬಮ್ಮ ಕೈ ನಿಲ್ಲಿಸಲಿಲ್ಲ. ಮೊಳೆತ ರಾಗಿಯ ಹಿಟ್ಟಿಗೆ ಬಿಗಿ ಇರುವುದಿಲ್ಲ. ಎಸರಿಗೆ ಬಿದ್ದರೆ ನೀರಾಗುತ್ತದೆ, ಉಂಡೆ ನಿಲ್ಲುವುದಿಲ್ಲ. ಮಕ್ಕಳಿಗೆ ಗಂಜಿ ಕಾಯಿಸಬಹುದು. ಹೊಲದಲ್ಲಿ ದುಡಿಯುವವರು ವರ್ಷವೆಲ್ಲ ಅದನ್ನೇ ಉಣ್ಣಲಾಗದು.

"ಕಟ್ಟಲ್ಲ. ಅದ್ಕೇ ಇದನ್ನ ನಂಗೆ ಕೊಡು. ನಮ್ ರಾಗಿ ನೀನು ತಗ."

"ನಂಗೆ ದಾನ, ಖೈರಾತು ಬೇಡ."

"ಖೈರಾತಲ್ಲ ಕಣೇ, ಬದ್ಲಿ. ಕೊಳಗಕ್ಕೆ ಕೊಳಗ."

"ಹುಚ್ಚಾ ನಿಂಗೆ? ನಿನ್ ಮಗ, ಸೊಸೆ ಏನ್ ತಿಂತಾರೆ?"

"ನಾನ್ ತಿಂದದ್ದೇ ತಿಂತಾರೆ."

ನನ್ನನ್ನು ಯಾರೂ ಕೇಳಲಿಲ್ಲ. ಯಜಮಾನರು ಮಾರನೆಯ ದಿನವೇ ಮೂಟೆ ಹೊತ್ತು ಹಾಕಿದರು. ಅವರಿಗೆ ಅದು ಬೇಕಾಗಿತ್ತು ಅನಿಸುತ್ತದೆ. ಜಗಲಿಯ ಮೇಲೆ ಮತ್ತೆ ಕೂತ ಆ ಗಳಿಗೆ ಅವರನ್ನೂ ಕೊರೆಯುತ್ತಿತ್ತು. ಬೂಬಮ್ಮ ರಾಗಿ ತೆಗೆದುಕೊಂಡಳು, ಆದರೆ ಮುಖದ ಗಂಟು ಬಿಡಿಸಲಿಲ್ಲ. ಮಾತೂ ಆಡಲಿಲ್ಲ. ಅಯ್ಯನವರು ಮತ್ತೆ ಬಂದಾಗಲೂ ಅತ್ತೆ ಗೋಡೆಗೆ ಒರಗಿಯೇ ಕೂತರು.

ಆ ಮುದ್ದೆಯ ಪಾಡು ನನಗೆ ಗೊತ್ತು, ಮಾಡುತ್ತಿದ್ದವಳು ನಾನು. ಎಷ್ಟು ಹಿಟ್ಟು ಸುರಿದರೂ ಕೋಲಿಗೆ ಅಂಟುತ್ತಿತ್ತು. ತಟ್ಟೆಗೆ ಹಾಕಿದರೆ ಮೆಲ್ಲಗೆ ಹರಡಿಕೊಳ್ಳುತ್ತಿತ್ತು. ಬಾಯಲ್ಲಿ ಒಂದು ಥರದ ಸಿಹಿ, ಸಾರಿಗೆ ಒಗ್ಗದ ಸಿಹಿ. ಯಜಮಾನರು ತಟ್ಟೆ ಓರೆ ಮಾಡಿ, "ಇದನ್ನ ನುಂಗ್ಬೇಕೋ ಕುಡೀಬೇಕೋ?" ಎನ್ನುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ತಟ್ಟೆ ಬಳಿದು ಉಣ್ಣುತ್ತಿದ್ದರು. ಮಧುಗಿರಿಯಲ್ಲಿ ಚಿಕ್ಕಂದಿನಿಂದ ನಾನು ನೀತಿ, ಪಶ್ಚಾತ್ತಾಪ, ವಿಧೇಯತೆ ಎಂಬ ಮಾತುಗಳನ್ನು ಬೇರೆಬೇರೆಯಾಗಿ ಬಾಯಿಪಾಠ ಮಾಡಿದ್ದೆ. ನೀತಿಯೆಂದರೆ ಸುಣ್ಣ ಬಳಿದ ಗೋಡೆ, ಕಲೆಯಾಗದಂತೆ ಕಾಯಬೇಕು ಎಂದುಕೊಂಡಿದ್ದೆ. ಅತ್ತೆ ಕಾದಿದ್ದರು. ಆ ಗೋಡೆಯ ಆಚೆ ಒಬ್ಬಳು ಮಳೆಯಲ್ಲಿ ನಿಂತಿದ್ದಳು. ದೇವರು ಅವರಿಂದ ಬಯಸಿದ ವಿಧೇಯತೆ ಈ ತಟ್ಟೆಯಿಂದ ಶುರುವಾಯಿತೇನೋ ಎಂದು ಈಗ ಅನಿಸುತ್ತದೆ.

ಬೇಸಗೆ ಬಲಿತ ಒಂದು ಮಧ್ಯಾಹ್ನ ಬೂಬಮ್ಮ ಕೆಂಡ ಕೇಳಲು ಬಂದಳು. ನಾವು ಊಟಕ್ಕೆ ಕೂತಿದ್ದೆವು. ಆಕೆ ಅತ್ತೆಯ ತಟ್ಟೆಯನ್ನು ನೋಡಿದಳು. ಸಾರಿನಲ್ಲಿ ಕರಗಿ ಹರಿದ ಮುದ್ದೆಯನ್ನು ಅತ್ತೆ ಬೆರಳಿಂದ ಕೂಡಿಸುತ್ತಿದ್ದರು.

"ಅಯ್ಯೋ, ಇನ್ನೂ ಇದ್ನೇ ತಿಂತಿದ್ಯಾ? ನಾನು ದನಕ್ಕೆ ಹಾಕಿರ್ತೀಯ ಅಂದ್ಕಂಡೆ!"

"ದನಕ್ಕ್ಯಾಕೆ? ನೀನು ಬೆಳ್ದಿದ್ದು."

ಬೂಬಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಒಳಗೆ ಬಂದು ನನ್ನ ಪಕ್ಕ ಕುಕ್ಕರಿಸಿದಳು. "ಬೇಟಿ, ನಂಗೂ ಒಂಚೂರು ಹಾಕು." ತಿಂದು ಮುಖ ಕಿವಿಚಿದಳು. "ತೋಬಾ! ಸಾಕು ಬುಡು ಅಕ್ಕ. ಉಳ್ದಿರೋದ್ರಲ್ಲಿ ಅರ್ಧ ನಂಗೆ ವಾಪಸ್ ಕೊಡು. ನಿಮ್ಮದ್ರಲ್ಲಿ ಅರ್ಧ ತಂದ್ಹಾಕ್ತೀನಿ. ಬೆರೆಸ್ಕಂಡು ಇಬ್ರೂ ತಿನ್ನಾನ."

ಅತ್ತೆಯ ಕಣ್ಣಲ್ಲಿ ನೀರು. ಎಂಜಲು ಕೈ, ಒರೆಸಿಕೊಳ್ಳಲಾಗಲಿಲ್ಲ. ಬೂಬಮ್ಮನೇ ತನ್ನ ಸೆರಗಿನಿಂದ ಒರೆಸಿ, "ಉಣ್ಣು, ಆರ್ಹೋಗ್ತದೆ" ಎಂದಳು.

ಅಯ್ಯನವರು ಬಂದ ಮುಂದಿನ ಭಾನುವಾರ ಅತ್ತೆ ಎದ್ದು ಮುಂದೆ ಹೋದರು. ಮೊದಲಿಗರಾಗಿ ಅಲ್ಲ, ಎಲ್ಲರೂ ಹೋದ ಮೇಲೆ, ಕೊನೆಗೆ.

ಭಾನುವಾರವನ್ನು ಅವರು ಬಿಡಲಿಲ್ಲ. ಸಾಯುವ ತನಕ ಶನಿವಾರ ಅದೇ ನೀರು, ಅದೇ ಸೌದೆ, ಅದೇ ಬೀಸುವಿಕೆ. ಆದರೆ ಮರುವರ್ಷದ ಸುಗ್ಗಿಯಲ್ಲಿ ಶನಿವಾರ ಸಂಜೆ ಹುಲ್ಲಿನ ಹೊರೆ ಹೊತ್ತ ಅತ್ತೆ ನಮ್ಮ ಕಣದ ಕಡೆ ತಿರುಗಲಿಲ್ಲ. ಮೊದಲು ಬೂಬಮ್ಮನ ರಾಶಿಗೆ ಹೊದಿಸಿ, ಕಲ್ಲು ಹೇರಿ, ಆಮೇಲೆ ನಮ್ಮದಕ್ಕೆ ಬಂದರು. ಒಳಗೆ ಬರುವಾಗ ಮಗನಿಗೆ ಹೇಳಿದರು:

"ನಾಳಿಕೆ ಮೋಡ ಆದ್ರೆ ನನ್ ಮುಖ ನೋಡ್ತಾ ಕೂರ್ಬೇಡ ಕಣ್ಲಾ. ಓಡು."