ಕಣ್ಣಿಲ್ಲದ ಪಲ್ಟಣ

‘ಹಣ್ಣಿನವ’ ಅಂದರೆ ಸಾಕು, ಶಿವಪುತ್ರಪ್ಪನ ಮೈ ಇವತ್ತಿಗೂ ಉರಿಯುತ್ತದೆ. ಅಪ್ಪ ಅಮ್ಮನ ಹೆಸರು ಹಿಡಿದು ಬೈದರೂ ನುಂಗಿಕೊಂಡಾನು, ಇದೊಂದನ್ನು ನುಂಗಲಾರ. ಅದೂ ಎಲ್ಲಿ ಅಂದದ್ದು? ಗ್ರಾಂಟ್ ರೋಡ್ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನಲ್ಲಿ, ಜಾಗ ಸಿಗದೆ ಜನ ನಿಂತೇ ಇಡ್ಲಿ ಮುರಿಯುವ ಹೊತ್ತಿನಲ್ಲಿ. ಅಂದವನು ಗಲ್ಲೆಯ ಮೇಲೆ ಕೂತ ಮ್ಯಾನೇಜರ್ ರಮಾನಾಥ.

ರಮಾನಾಥ ಲಡಾಯಿಯ ಕಾಲದಲ್ಲಿ ದೇವಳಾಲಿಯ ಮಿಲಿಟರಿ ಮೆಸ್ಸಿನಲ್ಲಿ ಬಟ್ಲರ್ ಆಗಿದ್ದವನು. ಅಲ್ಲಿನ ಗೋರಾ ಸಾಹೇಬರು ಊಟದ ಮೇಜಿನ ಮೇಲೆ ಬೆರಳುದ್ದದ ಸೀಸದ ಸೈನಿಕರನ್ನು ನಿಲ್ಲಿಸಿ, ಫುಟ್‌ಪಟ್ಟಿಯಿಂದ ಅಳೆದು ನಡೆಸಿ, ದಾಳ ಉರುಳಿಸಿ ಕೊಂದು, ಹಳೆಯ ಯುದ್ಧಗಳನ್ನೆಲ್ಲ ಮತ್ತೆ ಆಡುತ್ತಿದ್ದರಂತೆ. ಗಿರಾಕಿ ಕಡಿಮೆಯಾದಾಗಲೆಲ್ಲ ರಮಾನಾಥನಿಗೆ ಇದೇ ಪುರಾಣ. ಕೇಳಿ ಕೇಳಿ ಶಿವಪುತ್ರಪ್ಪನ ಕೈ ತುರಿಸಿತು. ಪಕ್ಕದ ಓಣಿಯ ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಹೊಡೆಯುವವನಾದರೂ ಅವನು ಗೋಕಾಕದ ಚಿತ್ರಗಾರರ ಮನೆಯವನು. ಕಟ್ಟಿಗೆ ಕೆತ್ತಿ ಬಣ್ಣ ತೊಡಿಸುವುದು ಅವರ ಮನೆಯಲ್ಲಿ ಹಾಲು ಕುಡಿದಷ್ಟೇ ಸಲೀಸು.

“ಆ ಸೀಸದ್ದೇನ್ ಹೇಳ್ತೀರಿ? ನಾ ಕಟಿಗ್ಯಾಗ ಮಾಡಿ ತೋರಸ್ತೀನಿ. ಕಿತ್ತೂರ ಸೈನ್ಯ!” ಅಂದ.

ರಮಾನಾಥ ಕನ್ನಡಕದ ಮೇಲಿನಿಂದ ನೋಡಿದ. “ಹೌದಾ ಮಾರಾಯ? ಗೋಕಾಕದವರು ಕಟ್ಟಿಗೆಯ ಬಾಳೆಹಣ್ಣು, ಮಾವಿನಹಣ್ಣು ಚಂದ ಮಾಡ್ತೀರಿ, ಇಲ್ಲ ಅನ್ನುವುದಿಲ್ಲ. ಸೈನ್ಯ ಕಟ್ಟುವುದೆಲ್ಲ ಹಣ್ಣಿನವರಿಂದ ಆಗುವ ಕೆಲಸವಾ?”

ಹೋಟೆಲಿಗೆ ಹೋಟೆಲೇ ಕಿಸಕ್ಕೆಂದಿತು. ಶಿವಪುತ್ರಪ್ಪ ಅರ್ಧ ಕುಡಿದ ಚಹಾ ಅಲ್ಲೇ ಕುಕ್ಕಿ ಎದ್ದ.

“ದೀಪಾವಳಿಗೆ ತರ್ತೀನಿ! ಕಾಯ್ದೇನೂ ನಿಮ್ದ ಇರ್ಲಿ, ಟೇಬಲ್ಲೂ ನಿಮ್ದ ಇರ್ಲಿ. ನಾ ಗೆದ್ದರ, ಆ ಲಾಡೂ ಇಟ್ಟ ಗಾಜಿನ ಕಪಾಟಿನ್ಯಾಗ ನನ್ನ ಸೈನ್ಯ ನಿಲ್ಲಬೇಕು. ಸೋತರ ಸಾಯೂತನಕ ಹಣ್ಣಿನವ ಅಂತನ ಕರೀರಿ!”

“ಆಯ್ತು. ಆದರೆ ಒಂದೇ ಸೈನ್ಯದಿಂದ ಯುದ್ಧ ಆಗ್ತದಾ? ವೈರಿಯನ್ನೂ ನೀನೇ ತಗೊಂಡು ಬಾ.”

ಹೀಗೆ ಶಿವಪುತ್ರಪ್ಪನ ತಲೆಯ ಮೇಲೆ ಕಿತ್ತೂರೂ ಬಂತು, ಕಂಪನಿ ಸರಕಾರವೂ ಬಂತು.

ಅಂಗಡಿಗೆ ಬರುವ ಖೋಕಾ ಪೆಟ್ಟಿಗೆಗಳ ಹಲಗೆ ಅವನ ಕಾಡಾಯಿತು. ಅಂಟಿಗೆ ಹುಣಸೆಬೀಜ ಬೇಕಲ್ಲ, ಹೋಟೆಲಿನಲ್ಲಿ ದೋಸೆ ಹುಯ್ಯುವ ದೂಜ, ಸಾಂಬಾರಿಗೆ ಹುಳಿ ಹಿಂಡಿ ಉಳಿದದ್ದನ್ನು ಡಬ್ಬಿಗಟ್ಟಲೆ ಕೊಟ್ಟ. ಬೀಜ ಕುಟ್ಟುವ ಸದ್ದಿಗೆ ಚಾಳಿನ ಕೆಳಗಿನ ಖೋಲಿಯವರು ಛತ್ತಿಗೆ ಕೋಲು ಬಡಿದರು. ಶಿವಪುತ್ರಪ್ಪ ಮೇಲಿನಿಂದ ಒನಕೆಯಲ್ಲೇ ಉತ್ತರ ಕೊಟ್ಟ. ಅಂಟಿನಲ್ಲಿ ಗರಗಸದ ಪುಡಿ ಕಲಸಿ ಮೀಸೆ, ರುಮಾಲು, ಕುದುರೆಯ ಬಾಲ ತಿದ್ದಿದ. ಗಡ್ಡದ ಬ್ರಶ್ಶಿನ ಕೂದಲು ಕಿತ್ತು ಕುಂಚ ಕಟ್ಟಿದ್ದರಿಂದ ಅವನ ಗಡ್ಡ ಜೋಳದ ಹೊಲದಂತೆ ಬೆಳೆಯಿತು. ಕಂಪನಿಯವರ ಕೆಂಪು ಕೋಟಿಗೆ ಬಣ್ಣ ಸಾಲದೆ ಬಂದಾಗ ಹೆಂಡತಿ ಬಸಲಿಂಗವ್ವನ ಕುಂಕುಮದ ಭರಣಿಗೆ ಕೈ ಹಾಕಿದ.

“ನಿಮಗೇನ್ ಹುಚ್ಚ ಹಿಡದೈತೇನ್ರಿ? ಹಣೀಗೆ ಇಡೂ ಕುಂಕುಮಾ ಆ ಕೆಂಪಮೂತಿ ಮಂದೀ ಬೆನ್ನಿಗಿ ಬಳೀತೀರಲ್ಲ!”

“ಸಾಯೂ ಮಂದಿ ಅದಾರ, ಚಂದಾಗಿ ಸಾಯಲಿ ಬಿಡು.”

ಬೈಯುತ್ತಲೇ ಅವಳು ರಾಣಿಯ ಗೊಂಬೆಗೆ ತನ್ನ ಹಳೆಯ ಇಳಕಲ್ ಸೀರೆಯ ಒಂದೆಳೆ ಜರಿ ಕೊಟ್ಟಳು.

ದೀಪಾವಳಿಯ ಪಾಡ್ಯದ ಮಧ್ಯಾಹ್ನ ಹೋಟೆಲ್ ಬಂದ್. ಸಂಗಮರವರಿ ಕಲ್ಲಿನ ಮೇಜುಗಳನ್ನು ಕೂಡಿಸಿ, ಇಡ್ಲಿಯ ತಟ್ಟೆಗಳನ್ನು ಬೋರಲು ಹಾಕಿ, ಮೇಲೆ ಹಸಿರು ಚಾದರ ಹೊದಿಸಿದರೆ ಕಿತ್ತೂರಿನ ಬಯಲು, ದಿಬ್ಬ ಎಲ್ಲ ತಯಾರು. ಒಂದು ತುದಿಗೆ ಕೆಮ್ಮಣ್ಣಿನ ಕೋಟೆ. ಸೈನ್ಯ ಬಿಚ್ಚಿ ನಿಲ್ಲಿಸಿದಾಗ ಅಡಿಗೆಯವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಬಿಳಿ ರುಮಾಲಿನ ಬಂಟರು, ಹಿಂಗಾಲ ಮೇಲೆ ನಿಂತ ಕುದುರೆಗಳು. ಎದುರಿಗೆ ಕೆಂಪು ಕೋಟಿನ ಸಾಲು, ಕರಿ ತೋಪು, ಎತ್ತರದ ಟೊಪ್ಪಿಗೆಯ ಕಲೆಕ್ಟರ ಸಾಹೇಬ. ದೂಜ ಒಂದು ಕುದುರೆಯನ್ನು ಮುಟ್ಟಿ, ಕಚ್ಚೀತೇನೋ ಎಂಬಂತೆ ಕೈ ಹಿಂದೆಳೆದುಕೊಂಡ.

ರಮಾನಾಥ ಗಂಟಲು ಸರಿಮಾಡಿಕೊಂಡು ಕಾಯ್ದೆ ಹೇಳಿದ. ಒಂದು ಸಲಕ್ಕೆ ಕಾಲಾಳು ನಡೆಯುವುದು ಒಂದು ಗೇಣು, ಕುದುರೆ ಎರಡು. ಗುಂಡು ಹೊಡೆದರೆ ನಾಲ್ಕು ಕವಡೆ ಹಾಕಬೇಕು; ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಜನ ಸತ್ತರು. ಕೋಟೆ ಬಿದ್ದರೆ ಕಂಪನಿ ಗೆದ್ದಂತೆ, ಕಲೆಕ್ಟರ ಬಿದ್ದರೆ ಕಿತ್ತೂರು. “ಮತ್ತೆ ಮುಖ್ಯ ಮಾತು. ಬಗ್ಗಿ, ಗೊಂಬೆಯ ಕಣ್ಣಿನ ಮಟ್ಟಕ್ಕೆ ಕಣ್ಣಿಟ್ಟು ನೋಡ್ಬೇಕು. ಗೊಂಬೆಗೆ ಕಂಡವನಿಗೆ ಮಾತ್ರ ಗುಂಡು. ಸಾಹೇಬರ ಕಾಯ್ದೆ ಇದು, ಬದಲಿಲ್ಲ.”

ಕಿತ್ತೂರು ಶಿವಪುತ್ರಪ್ಪನದು, ಕಂಪನಿ ರಮಾನಾಥನದು. ಕಿತ್ತೂರು ಹೊರಬಿತ್ತು. ರಮಾನಾಥ ಕಂಪನಿಯ ತೋಪಿನ ಹಿಂದೆ ಬಗ್ಗಿ ಗುರಿ ನೋಡಿದವನು, ಅಲ್ಲೇ ಗಕ್ಕನೆ ನಿಂತ. ಗೊಂಬೆಯನ್ನು ಎತ್ತಿ ಬೆಳಕಿಗೆ ಹಿಡಿದ. ಇನ್ನೊಂದನ್ನು ಎತ್ತಿದ.

“ಶಿವಪುತ್ರಪ್ಪಾ, ಇವರಿಗೆ ಕಣ್ಣೇ ಇಲ್ವಲ್ಲ ಮಾರಾಯ!”

“ಇಲ್ಲ. ನಮ್ಮ ಮನಿತನದಾಗ ಕಣ್ಣ ಕಡೀಕ ತೆರೀತೀವಿ. ಕಣ್ಣ ತೆರದ್ವೆಂದ್ರ ಅದಕ್ಕ ಜೀವಾ ಬಂದಂಗ, ನೈವೇದ್ಯ ತೋರಿಸಬೇಕು. ಫಿರಂಗಿ ಮಂದಿಗೆ ಯಾರ್ರೀ ಎಡಿ ಹಿಡೀತಾರ?”

ಹೇಳಿ ಮುಗಿಸಿದ ಮೇಲೆ ಅವನಿಗೇ ಹೊಳೆಯಿತು. ಮುಖದ ತುಂಬ ನಗು ಹರಡಿತು. “ಅಂದ್ರ ನಿಮ್ಮವರಿಗೆ ಏನೂ ಕಾಣೂದಿಲ್ಲ. ಸಾಹೇಬರ ಕಾಯ್ದೆ! ಗುಂಡ ಹೊಡಿಯಂಗಿಲ್ಲ!”

“ಅನ್ಯಾಯ!” ರಮಾನಾಥ ಕೂಗಿದ. ತೋಪು ಬೇಡ, ಬಂದೂಕಿನ ತುದಿಯ ಸಂಗೀನು ಸಾಕು ಎಂದು ತಡಕಾಡಿಕೊಂಡೇ ಮೈಮೇಲೆ ಹೋಗಿ ಕಿತ್ತೂರಿನ ಮೂವರನ್ನು ಹೊಡೆದ. “ಸತ್ತರು. ಬೀಳಿಸು.”

ಈಗ ಶಿವಪುತ್ರಪ್ಪನ ಕೈ ಗಾಳಿಯಲ್ಲೇ ನಿಂತಿತು. ಕಿತ್ತೂರಿನವರಿಗೆಲ್ಲ ಅವನು ಕಣ್ಣು ತೆರೆದಿದ್ದ; ಕಣ್ಣು ತೆರೆದ ಗೊಂಬೆಯನ್ನು ಕೆಡವಬಾರದು. ಮೂರು ತಲೆಮಾರಿನ ಮಾತು. “ಬೀಳಸಾಕ ಬರೂದಿಲ್ಲ” ಅಂದ ಸಣ್ಣ ದನಿಯಲ್ಲಿ.

“ಕೇಳಿದಿರಾ?” ರಮಾನಾಥ ಅಡಿಗೆಯವರ ಕಡೆ ತಿರುಗಿದ. “ನಮ್ಮವರಿಗೆ ಕಣ್ಣಿಲ್ಲ, ಇವನವರಿಗೆ ಸಾವಿಲ್ಲ! ಇದು ಯುದ್ಧವಾ? ಹಣ್ಣು ತಂದಿದ್ರೆ ತಿನ್ಲಿಕ್ಕಾದರೂ ನೋಡ್ಬಹುದಿತ್ತು!”

“ಇನ್ನೊಮ್ಮೆ ಅನ್ರಿ, ಈ ಫುಟ್‌ಪಟ್ಟೀಲೆ...”

ಇಬ್ಬರೂ ತೋಳೇರಿಸಿದರು. ದೂಜ ನಡುವೆ ಬಂದು, “ಆಟ ರದ್ದು ಮಾಡುವಾ ಧಣಿ, ಮೇಜು ತೊಳೀಲಿಕ್ಕೆ ಉಂಟು” ಅಂದ. ರದ್ದಾದರೆ ಗೆದ್ದಂತಲ್ಲ, ಗಾಜಿನ ಕಪಾಟು ಲಾಡುವಿನದೇ, ತಾನು ಹಣ್ಣಿನವನೇ. ಶಿವಪುತ್ರಪ್ಪ ಮೇಜಿಗೆ ಅಡ್ಡ ನಿಂತ.

ಅಷ್ಟರಲ್ಲಿ ಸೈನ್ಯದ ನೈವೇದ್ಯಕ್ಕೆಂದು ಕರಚೀಕಾಯಿ ಕಟ್ಟಿಕೊಂಡು ಬಸಲಿಂಗವ್ವ ಬಾಗಿಲಲ್ಲಿ ನಿಂತಳು. ಗಲಾಟೆಯನ್ನು ಎರಡೂ ಕಡೆಯಿಂದ ಕೇಳಿ, ಗಂಟು ಕೆಳಗಿಟ್ಟು, ಸೆರಗು ಸಿಗಿಸಿಕೊಂಡಳು.

“ಬೀಳಸಬಾರದು ಅಂತ ಐತಿ. ಮಲಗಸಬಾರದು ಅಂತ ಎಲ್ಲೈತಿ?” ಎನ್ನುತ್ತ ಸತ್ತ ಮೂವರನ್ನೂ ಎತ್ತಿ, ಕೂಸು ಮಲಗಿಸಿದ ಹಾಗೆ ಉಡಿಯಲ್ಲಿ ಮಲಗಿಸಿಕೊಂಡಳು. ಆಮೇಲೆ ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು, ತನ್ನ ಕಣ್ಣಿನ ಕಾಡಿಗೆಗೆ ತಾಗಿಸಿ, ಕಂಪನಿಯ ಒಬ್ಬೊಬ್ಬನಿಗೂ ಒಂದೊಂದೇ ಚುಕ್ಕಿ ಇಟ್ಟಳು.

“ಒಂದೇ ಕಣ್ಣಾ ಅಕ್ಕಾ?” ರಮಾನಾಥ ಗೊಣಗಿದ.

“ಗುರಿ ಇಡಾವ ಒಂದ ಕಣ್ಣ ಮುಚ್ಚತಾನೋ ಇಲ್ಲೋ? ಒಂದ ಸಾಕು. ಇದು ಬರೇ ಕಾಡಗಿ, ಇದಕ್ಕ ಎಡೀನೂ ಬ್ಯಾಡ. ಆಡ್ರಿ ಇನ್ನ!”

ಅಡಿಗೆಯವರು ಹೋ ಎಂದರು. ಒಕ್ಕಣ್ಣಿನ ಪಲ್ಟಣ ತೋಪು ಹಾರಿಸಿದ್ದೇ ಹಾರಿಸಿದ್ದು, ಬಸಲಿಂಗವ್ವನ ಉಡಿ ತುಂಬುತ್ತ ಬಂತು. ಆಗ ಶಿವಪುತ್ರಪ್ಪ ಕೋಟೆಯ ಬಾಗಿಲು ತೆಗೆದು ಕುದುರೆಗಳನ್ನು ಬಿಟ್ಟ. ಇಡ್ಲಿ ತಟ್ಟೆಯ ದಿಬ್ಬ ಹತ್ತಿ ಇಳಿದು, ತೋಪು ದಾಟಿ, ಒಂದೇ ಒಂದು ಕುದುರೆ ಕಲೆಕ್ಟರನ ಎದುರು ನಿಂತಿತು. ಅವನು ಬೀಳಬೇಕಾದರೆ ನಾಲ್ಕು ಕವಡೆಯೂ ಅಂಗಾತ ಬೀಳಬೇಕು. ಶಿವಪುತ್ರಪ್ಪ ಮುಷ್ಟಿಗೆ ಉಸಿರೂದಿ ಚೆಲ್ಲಿದ. ಮೂರು ಬಿದ್ದವು. ನಾಲ್ಕನೆಯದು ಚಾದರದಾಚೆಗೆ ಉರುಳಿ ಬರಿ ಸಂಗಮರವರಿಯ ಮೇಲೆ ಬುಗುರಿಯ ಹಾಗೆ ತಿರುಗಿತು, ತಿರುಗಿತು, ನಿಲ್ಲಲೊಲ್ಲದು. ತುಳು, ಕನ್ನಡ, ಮರಾಠಿ ಎಲ್ಲ ಭಾಷೆಯ ಉಸಿರೂ ನಿಂತಿತು.

ಅಂಗಾತ.

ದೂಜ ತಾನು ಮ್ಯಾನೇಜರನ ಪಕ್ಷವೆಂಬುದನ್ನು ಮರೆತು ಸೌಟಿನಿಂದ ಕಾವಲಿ ಬಡಿದ. ಶಿವಪುತ್ರಪ್ಪ ಧೋತರ ಬಿಚ್ಚೀತೆಂಬ ಪರಿವೆಯಿಲ್ಲದೆ ಬೆಂಚಿನ ಮೇಲೆ ಕುಣಿದ. ರಮಾನಾಥ ಮಾತಿಗೆ ತಪ್ಪುವವನಲ್ಲ; ತಾನೇ ಲಾಡು ತೆಗೆದು, ಗಾಜು ಒರೆಸಿ, ರಾಣಿಯನ್ನು ನಡುವೆ ನಿಲ್ಲಿಸಿ, “ಸೈನ್ಯ ಅಂದ್ರೆ ಸೈನ್ಯವೇ” ಅಂದ. ಕಪಾಟಿನ ಬಾಗಿಲು ಹಾಕುತ್ತ ಕೇಳಿದ:

“ಅಲ್ಲಾ, ಕಿತ್ತೂರಿನಲ್ಲಿ ಎರಡು ಯುದ್ಧ ಆದದ್ದಲ್ವಾ? ಕಂಪನಿ ಮತ್ತೊಮ್ಮೆ ಬಂದು ಕೋಟೆ ಹಿಡಿದದ್ದು? ಅದು ನೀನು ನನಗೆ ಕೊಡ್ಲಿಕ್ಕುಂಟು.”

“ಕೊಡ್ತೀನಿ! ಬರೂ ದೀಪಾವಳಿಗೆ!” ಅಂದುಬಿಟ್ಟ ಶಿವಪುತ್ರಪ್ಪ, ಬಾಯಿ ತುಂಬ ಕರಚೀಕಾಯಿ ಇಟ್ಟುಕೊಂಡು. ಚಾಳಿನ ಮೆಟ್ಟಿಲು ಹತ್ತುವಾಗ, ಆ ಯುದ್ಧದಲ್ಲಿ ಕಿತ್ತೂರು ಸೋಲಬೇಕಲ್ಲ, ತಾನು ಎಂಥ ಮಾತು ಕೊಟ್ಟೆ ಎಂಬುದು ತಿಳಿದು ಅಲ್ಲೇ ಕೂತ.

ಮರುವರ್ಷ ರಮಾನಾಥ ಕೇಳಿದರೆ ಹಲಗೆ ಹಸಿಯಿತ್ತು. ಅದರಾಚೆಯ ವರ್ಷ ಹುಣಸೆಬೀಜಕ್ಕೆ ಹುಳ ಬಿತ್ತು. ಆಮೇಲೆ ರಮಾನಾಥ ಅಂಧೇರಿಯಲ್ಲಿ ಸ್ವಂತ ಹೋಟೆಲು ಹಾಕಿ, ಮಾಲೀಕರನ್ನು ಕೇಳಿ ಕಪಾಟನ್ನೂ ಸೈನ್ಯವನ್ನೂ ಜತೆಗೆ ಒಯ್ದ. ಶಿವಪುತ್ರಪ್ಪ ಲೋಕಲ್ ಹಿಡಿದು ಅಲ್ಲಿಗೂ ಹೋಗುತ್ತಾನೆ, ತಿನ್ನುತ್ತಾನೆ, ಕಪಾಟಿನ ಮುಂದೆ ನಿಂತು ಎದೆಯುಬ್ಬಿಸುತ್ತಾನೆ. ರಮಾನಾಥ ಗಲ್ಲೆಯಿಂದ, “ಎರಡನೇ ಯುದ್ಧ ಯಾವಾಗ?” ಅನ್ನುತ್ತಾನೆ.

“ಬಣ್ಣ ಇನ್ನೂ ಒಣಗಿಲ್ರಿ” ಅಂದು ಶಿವಪುತ್ರಪ್ಪ ಚಪ್ಪಲಿ ಮೆಟ್ಟುತ್ತಾನೆ.