ಗೋಲು ಕಾಯುವವನ ಮುದ್ದೆ

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ನಾನು ಮೇಷ್ಟರಾಗಿದ್ದಾಗ ಪಕ್ಕದ ಮನೆಯಲ್ಲಿ ಅಮ್ಮಾಜಮ್ಮ ಇದ್ದರು. ಬೇತಮಂಗಲದ ಕಡೆಯವರು. ಗಂಡ ಗಣಿಗೆ ಇಳಿಯುತ್ತಿದ್ದರು. ಇಬ್ಬರು ಮೈದುನರಿಗೆ ಅತ್ತಿಗೆಯೇ ತಾಯಿ. ಹಿರಿಯ ಜಯರಾಮಪ್ಪ ಚಡುಗುಡು, ಅಂದರೆ ಕಬಡ್ಡಿ, ಆಡುತ್ತಿದ್ದ. ಕಿರಿಯ ಮುನಿಶಾಮಿ ಫುಟ್‌ಬಾಲ್ ತಂಡದಲ್ಲಿ ಗೋಲು ಕಾಯುತ್ತಿದ್ದ.

ಆಟ ನೋಡಿಕೊಂಡು ಮುದ್ದೆ ಕಟ್ಟುವುದು ಅಮ್ಮಾಜಮ್ಮನವರ ಪದ್ಧತಿ. ಉಸಿರು ಬಿಗಿಹಿಡಿದು ಸೆಣಸುವ ಚಡುಗುಡುವಿಗೆ ಎರಡು. ಮೈದಾನವೆಲ್ಲ ಓಡುವ ಫುಟ್‌ಬಾಲ್ ಹುಡುಗರು ಮನೆಗೆ ಬಂದರೆ ಅವರಿಗೂ ಎರಡು. ಇಸ್ಪೀಟು ಆಡಿ ಬಂದ ಗಂಡನಿಗೆ ಒಂದೇ, ಅದೂ ಸಣ್ಣದು. ಮುನಿಶಾಮಿಗೂ ಒಂದೇ.

"ನಿಂತ್ಕಂಡಿರಾ ಕೆಲ್ಸಕ್ಕೆ ಎಷ್ಟ್ಲಾ ಬೇಕು? ಬಾಗ್ಲು ಕಾಯಾ ನಾಯಿನೂ ನಿಂಗಿಂತ ಜಾಸ್ತಿ ಓಡ್ತದೆ!"

ಅವರ ಲೆಕ್ಕ ತಪ್ಪೇನಲ್ಲ. ಓಡುವ ದೇಹಕ್ಕೆ ಹೆಚ್ಚು ಶಕ್ತಿ ಬೇಕು, ನಿಂತ ದೇಹಕ್ಕೆ ಕಡಿಮೆ ಎಂದು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ ಮುನಿಶಾಮಿಯ ನೋವು ಹಸಿವಿನದಲ್ಲ. ತಾನು ಆಡುವುದು ಆಟವೇ ಅಲ್ಲವೆಂದು ಅತ್ತಿಗೆ ತಿಳಿದಿದ್ದಾರಲ್ಲ ಎಂಬುದು.

"ಒಂದ್ಸಲ ಬಂದು ನೋಡತ್ತಿಗೆ, ಆಮೇಲೆ ಮುದ್ದೆ ಕಟ್ಟು," ಎಂದು ಬೇಡಿಕೊಂಡ.

೧೯೫೮ರ ಬೇಸಿಗೆಯ ಒಂದು ಭಾನುವಾರ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಮೈದಾನದಲ್ಲಿ ಬಂಗಾರಪೇಟೆಯವರೊಡನೆ ಪಂದ್ಯ. ನನ್ನ ಹೆಂಡತಿಯ ಜೊತೆ ಅಮ್ಮಾಜಮ್ಮನೂ ಬಂದು ಗೋಲಿನ ಹಿಂದೆಯೇ ಕುಳಿತರು. ಮುನಿಶಾಮಿಯ ದುರದೃಷ್ಟ, ಎದುರಾಳಿಗಳು ಅಂದು ತೀರ ಸಪ್ಪೆ. ಚೆಂಡು ಅಪರೂಪಕ್ಕೆ ನಡುಗೆರೆ ದಾಟಿ ಬಂದು, ಮತ್ತೆ ಅತ್ತಲೇ ತಿರುಗುತ್ತಿತ್ತು. ಅವನು ಬಗ್ಗಿದ, ಕೈ ಚಾಚಿದ, ಗಂಟಲು ಹರಿಯುವಂತೆ ಕೂಗಿದ. ಚೆಂಡು ಮಾತ್ರ ಕೈಗೆ ತಾಕಲೇ ಇಲ್ಲ. ತಂಡ ಗೆದ್ದರೂ ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಅಂದಿನ ಊಟಕ್ಕೆ ನನ್ನನ್ನೂ ಕೂರಿಸಿದ್ದರು. ಜಯರಾಮಪ್ಪ ಸುಮ್ಮನಿರಲಿಲ್ಲ.

"ನೋಡಿದ್ಯಾ ಅತ್ತಿಗೆ? ಎಲ್ಲೆಕಲ್ಲು ನೆಟ್ಟಂಗೆ ನಿಂತಿದ್ದ! ಇವತ್ತು ಅರ್ಧ ಮುದ್ದೆ ಸಾಕವನಿಗೆ."

"ಸುಮ್ಕೆ ಉಣ್ಲಾ," ಎಂದರು ಅಮ್ಮಾಜಮ್ಮ. "ಚೆಂಡು ಈ ಕಡೀಕೆ ಬಂದಾಗೆಲ್ಲ ಇವನ ಬೆನ್ನು ಎಂಗೆ ಬಿಗೀತಿತ್ತು ಗೊತ್ತಾ? ಇಂದೆ ಕೂತಿದ್ದ ನನ್ಗೇ ಎದೆ ಡವಡವ ಒಡ್ಕಂಡು ಒಟ್ಟೆ ಅಸ್ದೋಗ್ಯದೆ. ಮುಂದೆ ನಿಂತೋನಿಗೆ ಎಂಗಾಗಿರ್ಬೇಡ!"

ಮುನಿಶಾಮಿಯ ತಟ್ಟೆಗೆ ಎರಡು ಮುದ್ದೆ ಬಿದ್ದವು. ಗಂಡಸರ ಊಟವಾದ ಮೇಲಷ್ಟೇ ಉಣ್ಣುತ್ತಿದ್ದ ಅಮ್ಮಾಜಮ್ಮ, ಅಂದು ತಮಗೂ ಎರಡು ಮುದ್ದೆ ಹಾಕಿಕೊಂಡು, "ಜರುಗ್ಲಾ ಅತ್ಲಾಗೆ" ಎಂದು ಅವನ ಪಕ್ಕದಲ್ಲೇ ಕುಳಿತರು.